ಗಾಜಿನ ಮೇಲಿನ ಗೆರೆ

ಹೊಸ ಮನೆ ಕಟ್ಟಿಸಿದವರಿಗೆ ಕಿಟಕಿಯ ಗಾಜಿನ ನೆನಪಾಗುವುದು ಗೃಹಪ್ರವೇಶಕ್ಕೆ ಮೂರು ದಿನ ಉಳಿದಿರುವಾಗ. ಅದುವರೆಗೆ ಗಾರೆಯವರು, ಮರಗೆಲಸದವರು, ವಿದ್ಯುತ್ತಿನ ತಂತಿ ಎಳೆಯುವವರು, ಬಣ್ಣದವರು ಎಂಬ ಚತುರಂಗ ಸೈನ್ಯವನ್ನು ಸಂಭಾಳಿಸುವುದರಲ್ಲಿಯೇ ಯಜಮಾನರ ಆಯುಷ್ಯದ ಒಂದು ಭಾಗ ಸವೆದಿರುತ್ತದೆ. ಕಡೆಯ ಸುತ್ತಿನ ಬಣ್ಣ ಒಣಗಿ, ಸಾರುವೆಯ ಬೊಂಬುಗಳನ್ನು ಬಿಚ್ಚಿಕೊಂಡು ಆ ಸೈನ್ಯ ಹೊರಟುಹೋದ ಮೇಲೆ, ಮೂಡಲ ದಿಕ್ಕಿನ ಕಿಟಕಿಯಿಂದ ಎಳೆಬಿಸಿಲು ಒಳಗೆ ಬಿದ್ದಾಗ, ಗೃಹಿಣಿಯ ಕಣ್ಣಿಗೆ ಮೊದಲು ಬೀಳುವುದು ಹೊರಗಿನ ನೋಟವಲ್ಲ. ಗಾಜಿನ ಮೇಲೆ ಅಂಟಿ ಕುಳಿತ ಸಿಮೆಂಟಿನ ಚುಕ್ಕೆ, ಇಳಿದು ಒಣಗಿದ ಸುಣ್ಣದ ನೀರು, ಬಣ್ಣದ ಹನಿ, ಅಂಗಡಿಯವನು ಅಂಟಿಸಿದ ಚೀಟಿಯ ಅರ್ಧ ಹರಿದ ಅವಶೇಷ.

ಮೈಸೂರಿನ ಹೊಸ ಬಡಾವಣೆಯೊಂದರಲ್ಲಿ ನಿವೃತ್ತ ಗೃಹಸ್ಥರೊಬ್ಬರ ಮನೆಯಲ್ಲಿ ಆದುದೂ ಇದೇ. ಹಜಾರಕ್ಕೆ ಅವರು ಇಡಿಸಿದ್ದುದು ಸಣ್ಣ ಸಣ್ಣ ಗಾಜುಗಳ ಹಳೆಯ ಮರದ ಕಿಟಕಿಯನ್ನಲ್ಲ. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಅತ್ತಿತ್ತ ಸರಿಯುವ, ಆಳೆತ್ತರದ ನಾಲ್ಕು ಗಾಜುಗಳನ್ನು. ಅದಕ್ಕಾಗಿ ಮಾಡಿದ ಖರ್ಚನ್ನು ಅವರು ಮನೆಯಾಕೆಗೆ ಪೂರ್ತಿ ತಿಳಿಸಿರಲಿಲ್ಲವೆಂಬುದು ಬೇರೆ ಮಾತು.

“ಭಾನುವಾರ ಬರುವ ನೆಂಟರೆಲ್ಲ ಮೊದಲು ನೋಡುವುದು ಇದನ್ನೇ ಅಲ್ಲವೇ?” ಎಂದು ಆಕೆ ಎರಡು ಬಾರಿ ಅಂದದ್ದು ಸಾಕಾಯಿತು. ಗುರುವಾರ ಸಂಜೆ ಯಜಮಾನರು ಪಂಚೆಯನ್ನು ಎತ್ತಿಕಟ್ಟಿ, ಮುಖಕ್ಷೌರದ ಬ್ಲೇಡೊಂದನ್ನು ಬೆರಳುಗಳ ನಡುವೆ ಹಿಡಿದು, ಎಡಗಡೆಯ ಮೊದಲನೆಯ ಗಾಜಿನ ಮುಂದೆ ನಿಂತರು. ನೀರನ್ನು ಸೋಕಿಸಲಿಲ್ಲ, ಹನಿ ನೀರಿನ ಗೊಡವೆಯಿಲ್ಲದೆ ಕರಕರನೆ ಕೆರೆದು ಹತ್ತಾರು ಚುಕ್ಕೆಗಳನ್ನು ಎಬ್ಬಿಸಿದರು. ಸಂಜೆಯ ಮಬ್ಬಿನಲ್ಲಿ ಕೆಲಸ ಸೊಗಸಾಗಿಯೇ ಕಂಡಿತು. ಆದರೆ ಭುಜ ಮಾತನಾಡತೊಡಗಿತು. ಉಳಿದ ಮೂರು ಗಾಜುಗಳಿಗೂ ಮಹಡಿಯ ಕಿಟಕಿಗಳಿಗೂ ಕಸುಬಿನವನನ್ನೇ ಕರೆಸುವುದೆಂದು ತೀರ್ಮಾನವಾಯಿತು.

ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ಬಂದವನು ನಲವತ್ತರ ಆಸುಪಾಸಿನ ಮನುಷ್ಯ. ಬಣ್ಣದ ಮೇಸ್ತ್ರಿ ಕಳುಹಿಸಿದ್ದವನು. ಅವನ ಸಾಮಗ್ರಿಯೆಲ್ಲವೂ ಒಂದು ಬಕೀಟಿನಲ್ಲಿ ಹಿಡಿದಿತ್ತು: ಗಾಜನ್ನು ನೆನೆಸುವುದಕ್ಕೆ ದಪ್ಪ ಬಟ್ಟೆಯ ಕವಚ ತೊಡಿಸಿದ ಒಂದು ಅಡ್ಡಪಟ್ಟಿ, ನೀರನ್ನು ಎಳೆಯುವುದಕ್ಕೆ ರಬ್ಬರಿನ ಅಂಚಿನ ವೈಪರು, ಹಿಡಿಯೊಳಗೆ ಅಗಲವಾದ ಬ್ಲೇಡನ್ನು ಬಿಗಿದ ಒಂದು ಸ್ಕ್ರೇಪರು, ಹಳೆಯ ಪಂಚೆಯಿಂದ ಹರಿದು ಮಡಿಸಿಟ್ಟ ನಾಲ್ಕಾರು ತುಂಡುಗಳು. ಅವನು ಇವುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಮೊದಲು ಗಾಜಿನ ಪಕ್ಕದಲ್ಲಿ ಮಂಡಿಯೂರಿ, ತಲೆಯನ್ನು ಓರೆಮಾಡಿ, ಬೆಳಕಿಗೆ ಎದುರಾಗಿ ಅದರ ಮೈಯನ್ನು ನೋಡಿದನು. ಆಮೇಲೆ ಎದ್ದು ಯಜಮಾನರನ್ನು ಕೂಗಿದನು.

“ಸಾರ್, ಕೆಲಸ ಶುರುಮಾಡುವುದಕ್ಕೆ ಮುಂಚೆ ಒಂದು ಸಲ ಇಲ್ಲಿ ಬಂದು ನೋಡಿಬಿಡಿ.”

ಯಜಮಾನರು ಬಂದು ನೋಡಿದರು. ಬೆಳಗಿನ ಬಿಸಿಲಿನಲ್ಲಿ ಗಾಜಿನ ನಟ್ಟನಡುವೆ ಕೂದಲೆಳೆಯಂತಹ ಗೆರೆಗಳ ಗುಂಪೊಂದು ಮಿನುಗುತ್ತಿತ್ತು. ಒರೆಸಿದರೆ ಹೋಗುವಂತಹದಲ್ಲ.

“ಏನಪ್ಪಾ ಇದು? ಈಗ ತಾನೇ ಬಂದಿದ್ದೀಯೆ. ಏನು ಮಾಡಿದೆ?”

“ನಾನು ಇನ್ನೂ ನೀರು ಕೂಡ ಮುಟ್ಟಿಲ್ಲ ಸಾರ್. ಅದಕ್ಕೇ ಕೂಗಿದ್ದು.”

ಯಜಮಾನರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಕೆಲಸಕ್ಕೆ ಮೊದಲೇ ನೆಪ ಹೂಡುವ ಜಾತಿಯವನಿರಬೇಕೆಂದು ಅವರ ಎಣಿಕೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಮಾತು ಬಂದಿತು: “ನಿನ್ನೆ ಸಂಜೆ ಬ್ಲೇಡು ಹಿಡಿದು ಅಲ್ಲಿ ನಿಂತಿದ್ದವರು ನೀವೇ ತಾನೇ?”

ಯಜಮಾನರು ತಮ್ಮ ಕೈಬೆರಳುಗಳನ್ನು ನೋಡಿಕೊಂಡರು.

ಗಾಜನ್ನು ಬ್ಲೇಡು ಗೀರುತ್ತದೆಯೆಂಬುದು ಸಾಮಾನ್ಯವಾದ ನಂಬಿಕೆ. ಅರ್ಧ ಸತ್ಯ. ಪದಾರ್ಥಗಳ ಗಡಸುತನವನ್ನು ಅಳೆಯಲು ಖನಿಜಶಾಸ್ತ್ರಜ್ಞರು ಬಳಸುವ ಮೋಸ್ ಮಾಪನದಲ್ಲಿ ಕಿಟಕಿಯ ಗಾಜಿನ ಸ್ಥಾನ ಸುಮಾರು 5.5, ಉಕ್ಕಿನ ಬ್ಲೇಡು ಹೆಚ್ಚುಕಡಮೆ ಅದರ ನೆರೆಯಲ್ಲಿಯೇ ಇರುತ್ತದೆ. ಆದುದರಿಂದ ಹೊಸದಾದ, ನೇರವಾದ ಬ್ಲೇಡು ಶುದ್ಧವಾದ ಒದ್ದೆ ಗಾಜಿನ ಮೇಲೆ ಮಲಗಿಕೊಂಡು ಜಾರಿದರೆ ಸಾಧಾರಣವಾಗಿ ಯಾವ ಅಪಾಯವೂ ಇಲ್ಲ. ಅಪಾಯವಿರುವುದು ಮರಳಿನಲ್ಲಿ. ಮರಳಿನ ಬೆಣಚು ಅದೇ ಮಾಪನದಲ್ಲಿ 7. ಗಾಜನ್ನು ಸಲೀಸಾಗಿ ಗೀರಬಲ್ಲದು. ಗಾರೆಯ ಚುಕ್ಕೆಯೆಂದರೆ ಸಿಮೆಂಟು ಮತ್ತು ಮರಳು. ಒಣಗಿದ ಚುಕ್ಕೆಯನ್ನು ಬ್ಲೇಡಿನಿಂದ ಎಬ್ಬಿಸಿದಾಗ ಮರಳಿನ ಕಣ ಬ್ಲೇಡಿನ ಕೆಳಗೆ ಸಿಕ್ಕಿಕೊಂಡು, ಕೈ ಎಳೆದಷ್ಟು ದೂರವೂ ಉಳಿಯಂತೆ ಕೊರೆಯುತ್ತ ಹೋಗುತ್ತದೆ. ಬ್ಲೇಡಿನ ಮೇಲೆ ಅಪವಾದ ಬರುತ್ತದೆ, ಅಷ್ಟೆ.

ಇಷ್ಟೇ ಆಗಿದ್ದರೆ ನೀರು ಹಾಕಿ ತೊಳೆದು ಆಮೇಲೆ ಕೆರೆಯಿರಿ ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಬಂದವನು ಗಾಜಿನ ಕೆಳಮೂಲೆಯಲ್ಲಿ ಮತ್ತೇನನ್ನೋ ಹುಡುಕುತ್ತಿದ್ದನು. ಬೆರಳಿನಿಂದ ಧೂಳನ್ನು ಒರೆಸಿ ತೋರಿಸಿದನು. ಉಗುರಿನಷ್ಟಗಲದ ಒಂದು ಮಸುಕಾದ ಮುದ್ರೆ.

“ಇದು ಟಫನ್ ಗಾಜು ಸಾರ್. ಇದಕ್ಕೆ ನಾನು ಬ್ಲೇಡು ಹಾಕುವುದಿಲ್ಲ. ಹಾಕಲೇಬೇಕೆಂದರೆ ನೀವೇ ಮುಂದೆ ನಿಂತು ಹಾಕಿಸಬೇಕು.”

ಗಾಜಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ. ಇಂದು ಕಿಟಕಿಗಳಿಗೆ ಬರುವ ಗಾಜು ಬಹುತೇಕ ಕರಗಿದ ತವರದ ಕೊಳದ ಮೇಲೆ ತೇಲಿಸಿ ಮಾಡಿದುದು. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯಲ್ಲಿ ಅಲಸ್ಟೇರ್ ಪಿಲ್ಕಿಂಗ್ಟನ್ ಎಂಬ ತಂತ್ರಜ್ಞ ಏಳೆಂಟು ವರ್ಷ ಹೆಣಗಾಡಿ ಸಾಧಿಸಿದ ಈ ಕ್ರಮವನ್ನು 1959ರಲ್ಲಿ ಲೋಕಕ್ಕೆ ಪ್ರಕಟಿಸಲಾಯಿತು. ಹಳೆಯ ಮನೆಗಳ ಕಿಟಕಿಯ ಮೂಲಕ ನೋಡಿದರೆ ಎದುರು ಮನೆಯ ಗೋಡೆ ಕೊಂಚ ಬಳುಕಿದಂತೆ ಕಾಣುತ್ತಿದ್ದುದುಂಟು. ತೇಲಿಸಿದ ಗಾಜಿನಲ್ಲಿ ಆ ಬಳುಕಿಲ್ಲ. ಹೀಗೆ ಬಂದ ಗಾಜನ್ನೇ ಅಳತೆಗೆ ಕತ್ತರಿಸಿ, ಮತ್ತೊಮ್ಮೆ ಕುಲುಮೆಗೆ ಕಳುಹಿಸಿ, 600 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯಿಸಿ, ಥಟ್ಟನೆ ತಂಗಾಳಿ ಬೀಸಿ ಆರಿಸಿದರೆ ಅದು ಗಟ್ಟಿಗೊಳಿಸಿದ ಗಾಜಾಗುತ್ತದೆ. ಪೆಟ್ಟಿಗೆ ಸುಲಭವಾಗಿ ಒಡೆಯುವುದಿಲ್ಲ. ಒಡೆದರೂ ಚೂರಿಯಂತಹ ಹೋಳುಗಳಾಗದೆ ಕಲ್ಲುಸಕ್ಕರೆಯಂತೆ ಪುಡಿಯಾಗಿ ಉದುರುತ್ತದೆ. ಮಕ್ಕಳಿರುವ ಮನೆಗೆ ಒಳ್ಳೆಯದೇ. ಇಂತಹ ಗಾಜಿಗೆ ಭಾರತದ ಮಾನಕ ಐ.ಎಸ್. 2553, ಮೂಲೆಯ ಮುದ್ರೆಯಲ್ಲಿ ಕೆಲವೊಮ್ಮೆ ಆ ಸಂಖ್ಯೆಯೇ ಇರುತ್ತದೆ.

ತೊಡಕು ಹುಟ್ಟುವುದು ಆ ಎರಡನೆಯ ಕುಲುಮೆಯಲ್ಲಿ. ಕತ್ತರಿಸಿ ಅಂಚು ಮಸೆದ ಗಾಜನ್ನು ಚೆನ್ನಾಗಿ ತೊಳೆಯದೆ ಒಳಗೆ ಬಿಟ್ಟರೆ, ಅಥವಾ ಅದನ್ನು ಸಾಗಿಸುವ ಉರುಳೆಗಳ ಮೇಲೆ ಗಾಜಿನ ಪುಡಿ ಉಳಿದಿದ್ದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಆ ಕಾವಿನಲ್ಲಿ ಗಾಜಿನ ಮೈಗೆ ಬೆಸೆದುಕೊಳ್ಳುತ್ತವೆ. ಒದ್ದೆ ಬಟ್ಟೆಗೆ ಅವು ಹೋಗುವುದಿಲ್ಲ. ನೋಡಿದವರಿಗೆ ಗಾಜು ನಿರ್ಮಲವಾಗಿಯೇ ಕಾಣುತ್ತದೆ. ಬ್ಲೇಡು ಹಾಯ್ದಾಗ ಮಾತ್ರ ಆ ಕಣಗಳು ಕಿತ್ತುಬಂದು, ಬ್ಲೇಡಿನೊಡನೆ ಉರುಳುತ್ತ ಗೆರೆಯ ಮೇಲೆ ಗೆರೆ ಎಳೆಯುತ್ತವೆ. ದೋಷ ಹುಟ್ಟಿದ್ದು ಕಾರ್ಖಾನೆಯಲ್ಲಿ. ಬಯಲಾದುದು ತೊಳೆಯುವವನ ಕೈಯಲ್ಲಿ. ಯಾರ ಕೈಯಲ್ಲಿ ಬಯಲಾಯಿತೋ ಅವನೇ ಅಪರಾಧಿ ಎಂಬ ನ್ಯಾಯ ಲೋಕದಲ್ಲಿ ಹೊಸದೇನೂ ಅಲ್ಲ. ಅಮೆರಿಕದಲ್ಲಿ ಈ ಕಸುಬಿನವರು ಇದರಿಂದ ಪೆಟ್ಟು ತಿಂದು ತಿಂದು, ಹೊಸ ಕಟ್ಟಡದ ಗಾಜನ್ನು ಕೆರೆಯುವ ಮುನ್ನ, ಗೆರೆ ಬಿದ್ದರೆ ಹೊಣೆ ತಮ್ಮದಲ್ಲವೆಂದು ಮನೆಯೊಡೆಯರಿಂದ ಸಹಿ ಮಾಡಿಸಿಕೊಳ್ಳುವುದುಂಟು.

ಈ ಮನುಷ್ಯನಿಗೆ ಸಹಿ ಮಾಡಿಸಿಕೊಳ್ಳುವ ಮಾರ್ಗ ತಿಳಿಯದು. ಅವನು ಕಲಿತದ್ದು ಬೆಂಗಳೂರಿನ ಒಂದು ಬಹುಮಹಡಿಯ ವಸತಿಯಲ್ಲಿ. ಒಡನೆ ಇದ್ದವನು ತಂಗಿಯ ಮಗ, ಇಪ್ಪತ್ತರ ಹುಡುಗ. ಮೇಲ್ವಿಚಾರಕ ಕೊಟ್ಟ ಬ್ಲೇಡಿನಿಂದ ಮೇಲ್ವಿಚಾರಕ ಹೇಳಿದಂತೆಯೇ ಎರಡು ದಿನ ಕೆರೆದರು. ಮೂರನೆಯ ದಿನ ಬಿಸಿಲು ಬಿದ್ದಾಗ ಗಾಜಿನ ತುಂಬ ಗೆರೆ. ಹುಡುಗನನ್ನು ಎಲ್ಲರೆದುರಿಗೆ ನಿಲ್ಲಿಸಿ ಬೈದರು. ಇಬ್ಬರ ಎರಡು ದಿನದ ಕೂಲಿಯನ್ನೂ ಹಿಡಿದರು. ಹುಡುಗ ಆ ಕೆಲಸವನ್ನು ಬಿಟ್ಟು ಊರಿಗೆ ಹೋದವನು ಮರಳಿ ಬರಲಿಲ್ಲ.

“ಗಾಜು ಅದೇ ಜಾತಿಯದು ಸಾರ್. ಆಗ ಈ ಮುದ್ರೆ ನೋಡಬೇಕು ಅಂತ ನಮಗೆ ಯಾರು ಹೇಳಿದ್ದರು?”

ಯಜಮಾನರು ಒಂದು ಕುರ್ಚಿಯನ್ನು ತರಿಸಿ ಅಲ್ಲಿಯೇ ಕುಳಿತರು. ಒಳಗಿನಿಂದ ಎರಡು ಲೋಟ ಕಾಫಿ ಬಂದಿತು.

ಪರೀಕ್ಷೆಯನ್ನು ಅವನು ಅವರ ಕಣ್ಣೆದುರಿಗೇ ಮಾಡಿ ತೋರಿಸಿದನು. ಕಣ್ಣಿಗೆ ಬೀಳದ ಕೆಳಮೂಲೆಯಲ್ಲಿ ಅಂಗೈಯಷ್ಟಗಲ ಗಾಜನ್ನು ತೊಳೆದು, ಸೋಪಿನ ನೀರಿನಿಂದ ಚೆನ್ನಾಗಿ ನೆನೆಸಿ, ಹೊಸ ಬ್ಲೇಡನ್ನು ತೂಕ ಹಾಕದೆ ಎರಡಂಗುಲ ಮುಂದಕ್ಕೆ ಜಾರಿಸಿದನು. ಶುದ್ಧವಾದ ಗಾಜಾಗಿದ್ದರೆ ಸದ್ದೇ ಇಲ್ಲದೆ ಜಾರುತ್ತದೆ. ಇಲ್ಲಿ ಸಣ್ಣಗೆ ‘ಚರ್’ ಎಂದಿತು. ಸಕ್ಕರೆಯ ಮೇಲೆ ಚಮಚ ಎಳೆದಂತೆ. ಅಲ್ಲಿಗೆ ಬ್ಲೇಡನ್ನು ಮಡಿಸಿ ಜೇಬಿಗೆ ಹಾಕಿದನು. ಇನ್ನೆರಡು ಗಾಜುಗಳಲ್ಲಿಯೂ ಅದೇ ಸದ್ದು. ನಾಲ್ಕನೆಯದು ಮಾತ್ರ ಮೌನವಾಗಿತ್ತು.

ಬ್ಲೇಡು ಬಾರದಿದ್ದ ಕಡೆ ಕಾಲವೇ ಸಾಧನ. ಒದ್ದೆ ಬಟ್ಟೆಯನ್ನು ಚುಕ್ಕೆಗಳ ಮೇಲೆ ಅಂಟಿಸಿ ಹತ್ತು ನಿಮಿಷ ಬಿಟ್ಟರೆ ಗೋಡೆಯ ಬಣ್ಣದ ಹನಿಗಳು ಮೆತ್ತಗಾಗುತ್ತವೆ; ಹಟ ಹಿಡಿದವುಗಳಿಗೆ ಬಟ್ಟೆಯ ತುದಿಯಲ್ಲಿ ಸ್ವಲ್ಪ ಸ್ಪಿರಿಟ್ಟು. ಆಮೇಲೆ ಪ್ಲಾಸ್ಟಿಕ್ಕಿನ ಪಟ್ಟಿಯೊಂದು ಸಾಕು. ಗಾರೆಯ ಚುಕ್ಕೆಗೆ ಇದು ಸಾಲದು. ಅದನ್ನು ನೆನೆಸಿ, ಪುಡಿಯಾದಷ್ಟನ್ನು ನೀರಿನಿಂದ ಹರಿಸಿ, ಮತ್ತೆ ನೆನೆಸಬೇಕು. ಹಿಂದಿನ ವಾರ ಗಾರೆಯ ಮೇಸ್ತ್ರಿ ಸುಲಭವಾದ ಉಪಾಯವೊಂದನ್ನು ಸೂಚಿಸಿದ್ದನಂತೆ: ನೆಲ ತೊಳೆಯುವ ಆಸಿಡ್ಡನ್ನು ಗಾಜಿಗೂ ಬಳಿದುಬಿಡುವುದು. ಚುಕ್ಕೆ ಕರಗುವುದೇನೋ ನಿಜ. ಜೊತೆಗೆ ಅಲ್ಯೂಮಿನಿಯಂ ಚೌಕಟ್ಟನ್ನೂ ಕಿಟಕಿಯ ಕೆಳಗಿನ ಅಮೃತಶಿಲೆಯನ್ನೂ ಅದು ತಿನ್ನುತ್ತದೆ. ಬಳಿದವನ ಕಣ್ಣು, ಕೈ, ಶ್ವಾಸಗಳ ಮಾತಂತೂ ಇದ್ದೇ ಇದೆ. ಅಸಲಿಗೆ ಗಾರೆ ಹಸಿಯಾಗಿರುವಾಗಲೇ ಒಂದು ಚೊಂಬು ನೀರು ಎರಚಿದ್ದರೆ ಈ ಪ್ರಾರಬ್ಧವೊಂದೂ ಇರುತ್ತಿರಲಿಲ್ಲ. ಹಸಿ ಸಿಮೆಂಟಿನಿಂದ ಇಳಿಯುವ ಕ್ಷಾರದ ನೀರು ಬಹುಕಾಲ ನಿಂತರೆ ಗಾಜಿನ ಮೈಯನ್ನೇ ಕೊರೆದು ಮಂಕುಮಾಡುತ್ತದೆ. ಆ ಮಂಕಿಗೆ ತೊಳೆಯುವುದೆಂಬ ಪರಿಹಾರವೇ ಇಲ್ಲ. ಗೋಡೆಯ ಕೆಲಸ ಮುಗಿಯುವವರೆಗೆ ಗಾಜಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುವ ಖರ್ಚು ಎಷ್ಟು ಮಹಾ? ಆದರೆ ಮನೆ ಕಟ್ಟಿಸುವವರು ಉಳಿತಾಯ ಮಾಡುವುದು ಇಂತಹ ಕಡೆಯೇ.

ಕಲೆಗಳನ್ನು ಬಿಡಿಸಿದ ಮೇಲೆ ತೊಳೆಯುವ ಸರದಿ. ಯಜಮಾನರು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಗೃಹಿಣಿಯೂ ಬಂದು ನಿಂತರು. ಕನ್ನಡನಾಡಿನ ಮನೆಗಳಲ್ಲಿ ಗಾಜಿಗೆ ಒದ್ದೆ ಮಾಡಿದ ದಿನಪತ್ರಿಕೆಯೇ ಬಹುಕಾಲದ ಮದ್ದು. (ವಾರಪತ್ರಿಕೆಯ ನುಣುಪು ಕಾಗದ ನೀರನ್ನು ಹೀರದಾದುದರಿಂದ ಓದುವುದಕ್ಕಲ್ಲದೆ ಈ ಕೆಲಸಕ್ಕೆ ಬಾರದು.) ಸಣ್ಣ ಗಾಜಿಗೆ ಅದು ಸಾಕು. ಆಳೆತ್ತರದ ಗಾಜಿನಲ್ಲಿ ಕಾಗದವಾಗಲಿ ಬಟ್ಟೆಯಾಗಲಿ ಕೊಳೆಯನ್ನು ಒಂದೆಡೆಯಿಂದ ಮತ್ತೊಂದೆಡೆಗೆ ವರ್ಗಾಯಿಸುತ್ತವೆಯೇ ಹೊರತು ಹೊರಹಾಕುವುದಿಲ್ಲ. ಒರೆಸುತ್ತಿರುವಾಗಲೇ ನೀರು ಆರಿಹೋಗಿ, ಅದರೊಳಗಿದ್ದ ಲವಣ ಅಲ್ಲಿಯೇ ಕೂರುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಹೇಳುವುದೇ ಬೇಡ. ವೈಪರಿನ ಗುಟ್ಟೆಲ್ಲ ಇಲ್ಲಿದೆ: ನೀರು ಆರುವುದಕ್ಕೆ ಮುಂಚೆಯೇ ಕೊಳೆಯ ಸಮೇತ ಅದನ್ನು ಗಾಜಿನಿಂದ ಕೆಳಗಿಳಿಸಿಬಿಡುತ್ತದೆ. ಬಿಸಿಲು ನೇರವಾಗಿ ಬಿದ್ದಿರುವ ಗಾಜನ್ನು ತೊಳೆಯಬಾರದೆಂಬುದಕ್ಕೂ ಇದೇ ಕಾರಣ. ಅಲ್ಲಿ ಓಟದಲ್ಲಿ ಗೆಲ್ಲುವುದು ಬಿಸಿಲು.

ಈ ಸಾಧನದ ಇಂದಿನ ರೂಪಕ್ಕೆ ವಲಸೆಗಾರನೊಬ್ಬನ ಬೇಸರ ಕಾರಣ. ಇಟಲಿಯಿಂದ ಅಮೆರಿಕಕ್ಕೆ ಹೋಗಿ, ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಕಿಟಕಿ ತೊಳೆದು ಜೀವಿಸುತ್ತಿದ್ದ ಎತ್ತೊರೆ ಸ್ಟೆಕ್ಕೋನೆ ಎಂಬವನಿಗೆ ಆ ಕಾಲದಲ್ಲಿ ದೊರೆಯುತ್ತಿದ್ದುದು ಎರಡು ರಬ್ಬರಿನ ಪಟ್ಟಿಗಳುಳ್ಳ ಭಾರವಾದ ಉಕ್ಕಿನ ಉಪಕರಣ. ರಬ್ಬರು ಬದಲಿಸಬೇಕಾದರೆ ಹತ್ತಾರು ತಿರುಪುಗಳನ್ನು ಬಿಚ್ಚಬೇಕಾಗಿತ್ತು. ಅವನು ಹಿತ್ತಾಳೆಯಲ್ಲಿ ಹಗುರವಾದ ಹಿಡಿಯೊಂದನ್ನು ಮಾಡಿ, ಚೂಪಾದ ಅಂಚಿನ ಒಂದೇ ರಬ್ಬರನ್ನು ಅದಕ್ಕೆ ತೊಡಿಸಿ, 1936ರಲ್ಲಿ ಹಕ್ಕುಪತ್ರ ಪಡೆದನು. ಅವನ ಹೆಸರಿನ ಸಂಸ್ಥೆ ಇಂದಿಗೂ ಇದೆ. ಕಸುಬಿನವನ ಬಕೀಟಿನಲ್ಲಿದ್ದ ವೈಪರು ಹಿತ್ತಾಳೆಯದಲ್ಲ, ಅಗ್ಗದ ಲೋಹದ್ದು. ಆದರೆ ಆಕಾರ ಅದೇ. ನೆಲದ ನೀರು ತಳ್ಳುವ ವೈಪರಿನಿಂದ ಗಾಜನ್ನು ಎಳೆಯಲು ಹೋಗಿ ಸೋತವರು ಈ ರಬ್ಬರಿನ ಅಂಚನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಬೇಕು. ಅಂಚು ಮೊಂಡಾದರೆ ರಬ್ಬರು ನೀರಿನ ಮೇಲೆ ತೇಲಿ ಎಳೆಎಳೆಯಾಗಿ ಗುರುತು ಬಿಡುತ್ತದೆ. ಆಗ ರಬ್ಬರನ್ನು ತೆಗೆದು ಮಗುಚಿ ಹಾಕಿಕೊಂಡರೆ ಇನ್ನೊಂದು ಅಂಚು ಸಿಕ್ಕಿತು.

ಅರ್ಧ ಬಕೀಟು ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿಯನ್ನಷ್ಟೇ ಅವನು ಬಿಟ್ಟನು. ಗೃಹಿಣಿಗೆ ಅದು ಜಿಪುಣತನವಾಗಿ ಕಂಡಿತು.

“ಇನ್ನೂ ಸ್ವಲ್ಪ ಹಾಕಪ್ಪಾ, ಬೇಕಾದಷ್ಟಿದೆ.”

“ಬೇಡ ಅಮ್ಮಾ. ರಬ್ಬರು ಜಾರಿದರೆ ಸಾಕು. ಜಾಸ್ತಿಯಾದರೆ ಅದೇ ಒಂದು ಪದರ ಕೂತುಬಿಡುತ್ತದೆ.”

ಗಾಜನ್ನು ಮೂಲೆ ಮೂಲೆಯೂ ನೆನೆಯುವಂತೆ ಉಜ್ಜಿದನು. ಮೇಲಂಚಿನ ಉದ್ದಕ್ಕೂ ಬೆರಳಗಲದಷ್ಟನ್ನು ಬಟ್ಟೆಯಿಂದ ಒಣಗಿಸಿದನು. ರಬ್ಬರು ಒಣಜಾಗದಿಂದ ಹೊರಟರೆ ಮೇಲಿನ ನೀರು ಹಿಂದೆಯೇ ಸುರಿದುಬರುವುದಿಲ್ಲ. ಆಮೇಲೆ ವೈಪರನ್ನು ಓರೆಯಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ರಬ್ಬರನ್ನು ಬಟ್ಟೆಗೆ ಒರೆಸಿದನು. ಹಿಂದಿನ ಪಟ್ಟಿಯ ಮೇಲೆ ಒಂದಂಗುಲ ಏರುವಂತೆ ಎರಡನೆಯ ಎಳೆತ, ಮತ್ತೆ ಒರೆಸಿದನು. ಆ ಒರೆಸುವಿಕೆಯನ್ನು ಮರೆಯುವವರೇ ಹೆಚ್ಚು. ಗಾಜಿನಲ್ಲಿ ನೀರಿನ ಗೆರೆ ಉಳಿಯಿತೆಂದು ರಬ್ಬರನ್ನು ಶಪಿಸುವವರೂ ಅವರೇ. ಕೊನೆಗೆ ಅಂಚುಗಳಲ್ಲಿ ನಿಂತ ನೀರನ್ನು ಪಂಚೆಯ ತುಂಡಿನಿಂದ ಹೀರಿಸಿದನು. ಹೊಸ ಬಟ್ಟೆಗಿಂತ ನೂರು ಬಾರಿ ಒಗೆದ ಹಳೆಯ ಪಂಚೆ ಮೇಲು; ಅದರಲ್ಲಿ ಉದುರುವ ಜುಂಗೇ ಉಳಿದಿರುವುದಿಲ್ಲ.

ನಾಲ್ಕನೆಯ ಗಾಜಿಗೆ ಮಾತ್ರ ಬ್ಲೇಡು ಹೊರಬಂದಿತು. ನೀರು ಸುರಿಯುತ್ತಿರುವಂತೆಯೇ, ಮುಂದಕ್ಕೆ ಒಂದು ತಳ್ಳು. ಬಳಿಕ ಬ್ಲೇಡನ್ನು ಗಾಜಿನಿಂದ ಪೂರ್ತಿ ಎತ್ತಿ, ಮತ್ತೆ ಮೊದಲಿನಿಂದ. ಹಿಂದಕ್ಕೆ ಎಳೆಯಲೇ ಇಲ್ಲ. ಹಿಂದಕ್ಕೆ ಎಳೆದರೆ ಎದ್ದ ಕಸವೆಲ್ಲ ಬ್ಲೇಡಿನ ಹೊಟ್ಟೆಯ ಕೆಳಗೆ ಸೇರುತ್ತದೆ. ಬಿಸಿಲು ತಡೆಯುವ ಪ್ಲಾಸ್ಟಿಕ್ ಪೊರೆ ಅಂಟಿಸಿದ ಗಾಜಾಗಿದ್ದರೆ ಇಷ್ಟೂ ಸಲ್ಲದು. ಪೊರೆ ಬ್ಲೇಡಿಗೆ ಒಂದೇ ತುತ್ತು.

ಮಹಡಿಯ ಕಿಟಕಿಗಳ ಹೊರಮೈಯ ವಿಷಯದಲ್ಲಿ ಒಂದು ಸಣ್ಣ ವಾದ ನಡೆಯಿತು. “ಸಜ್ಜದ ಮೇಲೆ ಇಳಿದರೆ ಕೈಗೆಟುಕುತ್ತದೆ, ಬಣ್ಣದ ಹುಡುಗರು ಹಾಗೆಯೇ ಇಳಿದಿದ್ದರು” ಎಂದು ಯಜಮಾನರು ಸಹಜವಾಗಿಯೇ ಹೇಳಿದರು. ಅವನು ಇಳಿಯಲಿಲ್ಲ. ಸರಿಯುವ ಗಾಜುಗಳನ್ನು ಪಕ್ಕಕ್ಕೆ ತಳ್ಳಿ, ಒಳಗೆ ಎರಡು ಕಾಲನ್ನೂ ಊರಿ ನಿಂತು, ಕೋಲಿಗೆ ಸಿಕ್ಕಿಸಿದ ವೈಪರಿನಿಂದ ಎಷ್ಟು ಎಟುಕಿತೋ ಅಷ್ಟನ್ನೇ ತೊಳೆದನು. ಒಂದು ಗಾಜಿನ ಮೇಲುತುದಿ ಹಾಗೆಯೇ ಉಳಿಯಿತು. ಬೆಂಗಳೂರಿನ ಬಹುಮಹಡಿಯ ಮನೆಗಳಲ್ಲಿ, ಹಬ್ಬ ಬಂದಿತೆಂದು ಮನೆಗೆಲಸದ ಹೆಂಗಸನ್ನು ಕಿಟಕಿಯ ಹೊರಗಿನ ಗೇಣಗಲದ ಅಂಚಿಗೆ ಇಳಿಸುವವರಿದ್ದಾರೆ. ಕೆಳಗೆ ಬಲೆಯಿಲ್ಲ, ಸೊಂಟಕ್ಕೆ ಹಗ್ಗವಿಲ್ಲ. ಹೊರಗೋಡೆಯ ಗಾಜು ತೊಳೆಯಲು ಹಗ್ಗದಲ್ಲಿ ಇಳಿಯುವ ಕಸುಬಿನವನಿಗಾದರೂ ಕವಚವಿರುತ್ತದೆ. ಈಕೆಗಿರುವುದು ಯಜಮಾನತಿಯ ‘ಜೋಪಾನ’ ಎಂಬ ಮಾತು ಮಾತ್ರ. ಮೇಲುತುದಿಯಲ್ಲಿ ಒಂದು ಗೇಣು ಧೂಳು ಉಳಿದರೆ ಮನೆಯ ಮಾನ ಹೋಗುವುದಿಲ್ಲ.

ಮೂರು ಗಂಟೆಗೆ ಕೆಲಸ ಮುಗಿಯಿತು. ಯಜಮಾನರು ಒಪ್ಪಿದ ಹಣವನ್ನು ಎಣಿಸಿ ಕೊಟ್ಟರು. ಕೊಡುವಾಗ ಎಡಗಡೆಯ ಗಾಜಿನ ಕಡೆ ಅವರ ಕಣ್ಣು ಹೋಗದಿರಲಿಲ್ಲ.

“ಈ ಗೆರೆಗೆ ಏನೂ ಮಾಡುವ ಹಾಗಿಲ್ಲವೇನಪ್ಪಾ?”

“ಉಗುರಿಗೆ ತಗಲುವ ಗೆರೆ ಸಾರ್. ತಿಕ್ಕಿ ಹೊಳಪು ಕೊಡುವವರಿದ್ದಾರೆ. ಆದರೆ ತಿಕ್ಕಿದ ಜಾಗದಲ್ಲಿ ಗಾಜು ತಗ್ಗಾಗಿ ಹೊರಗಿನ ಮರ ಡೊಂಕಾಗಿ ಕಾಣುತ್ತದೆ. ಬಿಟ್ಟುಬಿಡಿ.”

ಅವನು ಹೊರಟಾಗ ಗೃಹಿಣಿ ಅವನ ದೂರವಾಣಿಯ ಸಂಖ್ಯೆಯನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಂಡರು. ಭಾನುವಾರ ಬೆಳಗಿನ ಜಾವ ಪುರೋಹಿತರು ಬರುವುದಕ್ಕೆ ಮುಂಚೆಯೇ ಯಜಮಾನರು ಎದ್ದು, ಗೆರೆ ಬಿದ್ದ ಗಾಜನ್ನು ಕಂಬಿಯ ಮೇಲೆ ಪೂರ್ತಿ ಹಿಂದಕ್ಕೆ ಸರಿಸಿ, ಇನ್ನೊಂದರ ಮರೆಯಲ್ಲಿ ನಿಲ್ಲಿಸಿದರು. ಕಿಟಕಿ ದಿನವಿಡೀ ತೆರೆದೇ ಇತ್ತು. ಹೋಮದ ಹೊಗೆ ಹೋಗಲೆಂದು, ಎಂದು ಕೇಳಿದವರಿಗೆ ಹೇಳಿದರು, ಕೇಳದವರಿಗೂ ಹೇಳಿದರು.